ಮೊದಲ ಸೂಜಿ, ಮೊದಲ ಕತ್ತರಿ ಯಾರ ಕೈಲಿ? ಮೂಳೆ-ಮಾಂಸದ ಅಪರೂಪದ ಕ್ಯಾನ್ಸರ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ತಿಂಗಳು ಒಬ್ಬರು ತೊಡೆ ಗಡ್ಡೆ ಬಗ್ಗೆ ಕೇಳಿದ್ರು, ಉತ್ತರ ಬರೀತಾ ಸಾರ್ಕೋಮಾ ಅಂತ ಒಂದು ಪದ ಬಳಸಿದ್ದೆ. ಅದಾದ್ಮೇಲೆ ಬಂದ ಪತ್ರಗಳನ್ನ ನೋಡಿ ಈ ಸಲದ ಪುಟ ಪೂರ್ತಿ ಅದಕ್ಕೇ ಇಟ್ಟಿದ್ದೀನಿ. ಸಾರ್ಕೋಮಾ ಅಂದ್ರೆ ಮೂಳೆ, ಸ್ನಾಯು, ಕೊಬ್ಬು, ನರ, ರಕ್ತನಾಳ ಇಂಥವುಗಳಲ್ಲಿ ಹುಟ್ಟೋ ಕ್ಯಾನ್ಸರ್. ಬೇರೆ ಕಡೆ ಹುಟ್ಟಿ ಮೂಳೆಗೆ ಹರಡಿದ್ದು ಅಲ್ಲ, ಅಲ್ಲೇ ಶುರುವಾಗೋದು. ದೊಡ್ಡವರ ಕ್ಯಾನ್ಸರ್‌ಗಳಲ್ಲಿ 100ಕ್ಕೆ ಸುಮಾರು ಒಂದು ಮಾತ್ರ ಇದು, ಮಕ್ಕಳಲ್ಲಿ 100ಕ್ಕೆ ಹತ್ತಕ್ಕಿಂತ ಜಾಸ್ತಿ. ಇದರಲ್ಲೇ 70ಕ್ಕೂ ಹೆಚ್ಚು ಬಗೆ. ಹಾಗಾಗಿ ಊರಿನ ಡಾಕ್ಟ್ರು ತಮ್ಮ ಇಡೀ ಸರ್ವೀಸಲ್ಲಿ ಒಂದೋ ಎರಡೋ ನೋಡಿರ್ತಾರೆ, ಅವರಿಗೆ ತಕ್ಷಣ ಹೊಳೀಲಿಲ್ಲ ಅಂದ್ರೆ ಅದರಲ್ಲಿ ಆಶ್ಚರ್ಯ ಇಲ್ಲ. ಆದ್ರೆ ಹೊಳೀದೇ ಇದ್ದಾಗ ಆಗೋ ನಷ್ಟ ದೊಡ್ಡದು.

ಪ್ರಶ್ನೆ: ನಮಸ್ಕಾರ್ರಿ ಡಾಕ್ಟ್ರ. ನಮ್ಮ ಮಗಗ 14 ವರ್ಷ, ಕಬಡ್ಡಿ ಭಾಳ ಆಡತಾನ. ಎರಡು ತಿಂಗಳ ಹಿಂದ ಆಡುವಾಗ ಬಿದ್ದಾನ, ಅವತ್ತಿಂದ ಬಲಗಾಲ ಮಣಕಾಲ ಮ್ಯಾಲ ನೋವು ಅಂತಾನ. ಬಿದ್ದದ್ದಕ್ಕ ಅಂತ ತಿಳದು ಎಣ್ಣಿ ಹಚ್ಚಿ ತಿಕ್ಕಿಸಿದ್ವಿ, ಕಟ್ಟೂ ಕಟ್ಟಿಸಿದ್ವಿ. ಈಗ ರಾತ್ರಿ ನಿದ್ದಿ ಮಾಡವಲ್ಲ, ಬಾವು ಬಂದೈತಿ. ಎಕ್ಸ್‌ರೇ ನೋಡಿ ಎಲುಬಿನ್ಯಾಗ ಏನೋ ಐತಿ, ದೊಡ್ಡ ದವಾಖಾನಿಗೆ ಹೋಗ್ರಿ ಅಂದ್ರು. ಬಿದ್ದದ್ದಕ್ಕ ಕ್ಯಾನ್ಸರ್ ಬರತೈತೇನ್ರಿ? ಕಾಲು ತಗಿತಾರೇನ್ರಿ?
ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಅಮ್ಮಾ, ಮೊದಲು ಎಣ್ಣೆ ತಿಕ್ಕೋದು, ಕಟ್ಟು ಕಟ್ಸೋದು ಇವತ್ತೇ ನಿಲ್ಸಿಬಿಡಿ. ಬೈತಾ ಇಲ್ಲ ನಾನು, ಮಗ ನೋವು ಅಂದಾಗ ತಾಯಿ ಎಣ್ಣೆ ಹಚ್ಚದೆ ಇನ್ನೇನ್ ಮಾಡ್ತಾಳೆ. ಆದ್ರೆ ಅದು ಗಡ್ಡೆನೇ ಆಗಿದ್ರೆ ಒಳಗಿನ ಮೂಳೆ ಶಕ್ತಿ ಕಳ್ಕೊಂಡಿರುತ್ತೆ, ಜೋರಾಗಿ ನೀವಿದ್ರೆ ತಿರುವಿದ್ರೆ ಮುರೀಬಹುದು. ಮುರಿದ್ರೆ ಗಡ್ಡೆಯ ರಕ್ತ ಸುತ್ತಮುತ್ತ ಎಲ್ಲಾ ಹರಡ್ಕೊಂಡು ಕಾಲು ಉಳ್ಸೋ ಕೆಲಸ ಕಷ್ಟ ಆಗುತ್ತೆ. ಕಬಡ್ಡಿ ಬೇಡ, ಆ ಕಾಲಿನ ಮೇಲೆ ಭಾರ ಬೇಡ, ಊರುಗೋಲು ಕೊಡಿ.

ಬಿದ್ದಿದ್ದಕ್ಕೆ ಕ್ಯಾನ್ಸರ್ ಬರಲ್ಲ. ಬಿದ್ದಾಗ ಗಮನ ಆ ಜಾಗಕ್ಕೆ ಹೋಗುತ್ತೆ ಅಷ್ಟೆ, ಗಡ್ಡೆ ಅದಕ್ಕೂ ಮೊದಲೇ ಅಲ್ಲಿರುತ್ತೆ. ಕೆನಡಾದಲ್ಲಿ ಟೆರ್ರಿ ಫಾಕ್ಸ್ ಅಂತ ಒಬ್ಬ ಬ್ಯಾಸ್ಕೆಟ್‌ಬಾಲ್ ಆಡೋ ಹುಡುಗ ಇದ್ದ. 1976ರ ನವೆಂಬರಲ್ಲಿ ಕಾರು ಅಪಘಾತದಲ್ಲಿ ಬಲ ಮಂಡಿಗೆ ಪೆಟ್ಟಾಯ್ತು. ಆಮೇಲೆ ನೋವು ಬಂದಾಗ ಅದೇ ಪೆಟ್ಟು ಇರ್ಬೇಕು ಅಂತ ಸೀಸನ್ ಮುಗಿಯೋವರೆಗೂ ಸಹಿಸ್ಕೊಂಡ, 1977ರ ಮಾರ್ಚಲ್ಲಿ ಆಸ್ಟಿಯೋಸಾರ್ಕೋಮಾ ಅನ್ನೋ ಮೂಳೆ ಕ್ಯಾನ್ಸರ್ ಅಂತ ಗೊತ್ತಾಗಿ ಕಾಲು ತೆಗೆದ್ರು. ಅಪಘಾತಕ್ಕೂ ಕ್ಯಾನ್ಸರಿಗೂ ಸಂಬಂಧ ಇಲ್ಲ ಅಂತ ಡಾಕ್ಟ್ರು ಹೇಳಿದ್ರೂ ಅವನ ಮನಸ್ಸಿಗೆ ಅದೇ ಕಾರಣ ಅನ್ನಿಸ್ತಿತ್ತು. ಕೃತಕ ಕಾಲಿನಲ್ಲಿ 1980ರಲ್ಲಿ 143 ದಿನ, 5,373 ಕಿಲೋಮೀಟರ್ ಓಡಿ ಕ್ಯಾನ್ಸರ್ ಸಂಶೋಧನೆಗೆ ದುಡ್ಡು ಕೂಡಿಸಿದ ಹುಡುಗ ಅವನು. ಶ್ವಾಸಕೋಶಕ್ಕೆ ಹರಡಿ ಮಾರನೇ ವರ್ಷ ತೀರ್ಕೊಂಡ, ಆಗ ವಯಸ್ಸು 22. ನಿಮಗೆ ಹೆದರ್ಸೋಕೆ ಇದನ್ನ ಹೇಳ್ತಿಲ್ಲ ಅಮ್ಮಾ, ಅವತ್ತಿಗೂ ಇವತ್ತಿಗೂ ಚಿಕಿತ್ಸೇಲಿ ಬಹಳ ವ್ಯತ್ಯಾಸ ಆಗಿದೆ, ಅದಕ್ಕೆ ಬರ್ತೀನಿ.

ಪೆಟ್ಟಿನ ನೋವಿಗೂ ಈ ನೋವಿಗೂ ಒಂದು ವ್ಯತ್ಯಾಸ ನೆನಪಿಟ್ಕೊಳ್ಳಿ. ಪೆಟ್ಟಿನ ನೋವು ದಿನ ಕಳೆದಂಗೆ ಇಳಿಯುತ್ತೆ, ಮಲಗಿದ್ರೆ ಆರಾಮ ಆಗುತ್ತೆ. ಇದು ವಾರ ಕಳೆದಂಗೆ ಏರುತ್ತೆ, ರಾತ್ರಿ ಎಬ್ಬಿಸುತ್ತೆ. ಬೆಳೆಯೋ ಮಕ್ಕಳಿಗೆ ಬರೋ ಸಾಮಾನ್ಯ ಕಾಲುನೋವು ಎರಡೂ ಕಾಲಲ್ಲಿ ಬಂದು ಬೆಳಿಗ್ಗೆ ಹೊತ್ತಿಗೆ ಹೋಗಿರುತ್ತೆ, ಬಾವು ಇರಲ್ಲ. ಒಂದೇ ಕಾಲು, ಒಂದೇ ಜಾಗ, ಜೊತೆಗೆ ಬಾವು ಅಂದ್ರೆ ಎಕ್ಸ್‌ರೇ ಬೇಕೇ ಬೇಕು. ಹರೆಯದಲ್ಲಿ ಮಂಡಿ ಸುತ್ತಲಿನ ಮೂಳೆ ಸರಸರ ಬೆಳೆಯೋದ್ರಿಂದ ಆಸ್ಟಿಯೋಸಾರ್ಕೋಮಾ ಹೆಚ್ಚಾಗಿ ಅಲ್ಲೇ ಕಾಣಿಸ್ಕೊಳ್ಳುತ್ತೆ, ತೊಡೆಮೂಳೆಯ ಕೆಳತುದಿ ಇಲ್ಲಾಂದ್ರೆ ಮೊಣಕಾಲಿನ ಕೆಳಗಿನ ಮೂಳೆಯ ಮೇಲ್ತುದಿ.

ಆದ್ರೆ ನಿಮ್ಮ ಮಗನಿಗೆ ಅದೇ ಇದೆ ಅಂತ ನಾನು ಹೇಳ್ತಾ ಇಲ್ಲ. ಮೂಳೆಯ ಸೋಂಕು, ಟಿಬಿ, ಕ್ಯಾನ್ಸರ್ ಅಲ್ಲದ ಗಡ್ಡೆಗಳು ಇವೂ ಎಕ್ಸ್‌ರೇಲಿ ಹೆದರಿಸೋ ಥರಾನೇ ಕಾಣ್ತವೆ. ಮುಂದಿನ ಹೆಜ್ಜೆ ಎಂಆರ್‌ಐ, ಬರೀ ಮಂಡಿಗಲ್ಲ, ಸೊಂಟದಿಂದ ಮಂಡಿವರೆಗೆ ಪೂರ್ತಿ ತೊಡೆಮೂಳೆ ಬರೋ ಹಾಗೆ. ಅದಾದ್ಮೇಲೆ ಬಯಾಪ್ಸಿ, ಅಂದ್ರೆ ಗಡ್ಡೆಯ ಚೂರು ತೆಗೆದು ಪರೀಕ್ಷೆ ಮಾಡೋದು. ಈ ಕ್ರಮ ಉಲ್ಟಾ ಆಗ್ಬಾರದು, ಯಾಕಂದ್ರೆ ಮೊದಲು ಚುಚ್ಚಿ ಆಮೇಲೆ ಸ್ಕ್ಯಾನ್ ಮಾಡಿದ್ರೆ ಚುಚ್ಚಿದ ಜಾಗದ ರಕ್ತ ಬಾವು ಎಲ್ಲಾ ಸೇರಿ ಚಿತ್ರ ಕೆಟ್ಟೋಗುತ್ತೆ. ಬಯಾಪ್ಸಿಲಿ ಕ್ಯಾನ್ಸರ್ ಅಂತಾದ್ರೆ ಎದೆಯ ಸಿಟಿ ಸ್ಕ್ಯಾನೂ ಮಾಡ್ತಾರೆ, ಇದು ಹರಡೋದು ಮೊದಲು ಶ್ವಾಸಕೋಶಕ್ಕೆ.

ಚಿಕಿತ್ಸೆ ಹೇಗಿರುತ್ತೆ ಅಂದ್ರೆ, ಮೊದಲು ಎರಡು ಎರಡೂವರೆ ತಿಂಗಳು ಕೀಮೋ, ಆಮೇಲೆ ಆಪರೇಶನ್, ಮತ್ತೆ ಕೆಲವು ತಿಂಗಳು ಕೀಮೋ. ಆಪರೇಶನ್ನಲ್ಲಿ ತೆಗೆದ ಗಡ್ಡೆಯನ್ನ ಲ್ಯಾಬಲ್ಲಿ ನೋಡಿ ಎಷ್ಟು ಭಾಗ ಸತ್ತಿದೆ ಅಂತ ಲೆಕ್ಕ ಹಾಕ್ತಾರೆ, 90 ಪರ್ಸೆಂಟ್ ದಾಟಿದ್ರೆ ಔಷಧಿ ಚೆನ್ನಾಗಿ ಹಿಡಿದಿದೆ ಅಂತ ಅರ್ಥ. ಬರೀ ಕಾಲು ತೆಗೆದು ಬಿಡ್ತಿದ್ದ ಕಾಲದಲ್ಲಿ 100 ಮಕ್ಕಳಲ್ಲಿ ಸುಮಾರು 80 ಮಕ್ಕಳಿಗೆ ಶ್ವಾಸಕೋಶದಲ್ಲಿ ಬಂದುಬಿಡ್ತಿತ್ತು. ಈಗ ಹರಡೋಕೆ ಮೊದಲೇ ಬಂದು ಕೋರ್ಸ್ ಪೂರ್ತಿ ಮಾಡಿದವರಲ್ಲಿ 100ಕ್ಕೆ 60-70 ಜನ ಐದು ವರ್ಷ ದಾಟ್ತಾರೆ. ಕಾಲಿನ ಮಾತು ಕೇಳಿದ್ರಲ್ಲ, ಅನುಭವ ಇರೋ ಕಡೆ ಈಗ ಹತ್ತರಲ್ಲಿ ಎಂಟು ಒಂಬತ್ತು ಮಕ್ಕಳ ಕಾಲು ಉಳಿಸ್ತಾರೆ. ಗಡ್ಡೆ ಇರೋ ಮೂಳೆ ಭಾಗ ತೆಗೆದು ಲೋಹದ ದೊಡ್ಡ ಕೀಲು ಕೂರಿಸ್ತಾರೆ. ನಮ್ಮ ದೇಶದಲ್ಲಿ ಹಲವು ಕಡೆ ಮಾಡೋ ಇನ್ನೊಂದು ವಿಧಾನ ಇದೆ, ಮೂಳೆಯನ್ನ ಹೊರಗೆ ತೆಗೆದು, ಗಡ್ಡೆ ಎಲ್ಲಾ ಕ್ಲೀನ್ ಮಾಡಿ, ಅದಕ್ಕೆ ಒಂದೇ ಸಲ ಜೋರು ರೇಡಿಯೇಶನ್ ಕೊಟ್ಟು ಕ್ಯಾನ್ಸರ್ ಕಣ ಸಾಯಿಸಿ, ಅದೇ ಮೂಳೆಯನ್ನ ವಾಪಸ್ ಪ್ಲೇಟ್ ಹಾಕಿ ಕೂರಿಸೋದು. ನಾನು ಮೊದಲ ಸಲ ಅದನ್ನ ನೋಡಿದಾಗ ಆ ಹುಡುಗಿಯ ಅಪ್ಪ ಹೊರಗೆ ಬೆಂಚಿನ ಮೇಲೆ ಕೂತು, ನನ್ನ ಮಗಳ ಮೂಳೆ ನನ್ನ ಮಗಳಿಗೇ ಸಿಗುತ್ತಾ ಅಂತ ಮೂರು ಸಲ ಕೇಳಿದ್ದು ಇವತ್ತಿಗೂ ಕಿವೀಲಿದೆ.

ಎಲ್ಲಿಗೆ ಹೋಗ್ಬೇಕು? ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ ಮೆಮೋರಿಯಲ್ ಇಂಥ ಕಡೆ ಇದಕ್ಕೇ ಅಂತ ನುರಿತವರು ಇದ್ದಾರೆ. ಹತ್ತಿರ ಅಂತ ಬೇರೆ ಎಲ್ಲಿಗೆ ಹೋದ್ರೂ ಒಂದು ಪ್ರಶ್ನೆ ಕೇಳಿ, ಇಲ್ಲಿ ಮೂಳೆ ಕ್ಯಾನ್ಸರ್ ಆಪರೇಶನ್ ಮಾಡೋ ಡಾಕ್ಟ್ರು, ಕೀಮೋ ಡಾಕ್ಟ್ರು, ರೇಡಿಯೇಶನ್ ಡಾಕ್ಟ್ರು ಒಟ್ಟಿಗೆ ಕೂತು ಕೇಸ್ ನೋಡ್ತಾರಾ ಅಂತ. ಇಲ್ಲ ಅಂದ್ರೆ ಬಯಾಪ್ಸಿಗೆ ಒಪ್ಕೋಬೇಡಿ, ಎಕ್ಸ್‌ರೇ ತಗೊಂಡು ಮುಂದಕ್ಕೆ ಹೋಗಿ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ, ಆಧಾರ್, ರೇಷನ್ ಕಾರ್ಡ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಜೊತೇಲಿ ಇಟ್ಕೊಳ್ಳಿ. ಮುಂದಿನ ವಾರ, ಹಬ್ಬ ಮುಗಿದ್ಮೇಲೆ ಅನ್ನೋದು ಬೇಡ. ಈ ವಾರಾನೇ ಹೊರಡಿ.

ಪ್ರಶ್ನೆ: ಸರ್, ವಯಸ್ಸು 46. ಎಡ ತೊಡೆ ಹಿಂಭಾಗದಲ್ಲಿ ಗಡ್ಡೆ ಇತ್ತು, ನೋವಿರಲಿಲ್ಲ. ನಮ್ಮೂರ ನರ್ಸಿಂಗ್ ಹೋಮಲ್ಲಿ ಕೊಬ್ಬಿನ ಗಡ್ಡೆ ಅಂತ ಮರಗಟ್ಟೋ ಇಂಜೆಕ್ಷನ್ ಕೊಟ್ಟು ತೆಗೆದ್ರು. ಸ್ಕ್ಯಾನ್ ಮಾಡಿರಲಿಲ್ಲ. ಹತ್ತು ದಿನ ಆದ್ಮೇಲೆ ರಿಪೋರ್ಟ್ ಬಂತು, ಸ್ಪಿಂಡಲ್ ಸೆಲ್ ಸಾರ್ಕೋಮಾ ಅಂತ. ಪೂರ್ತಿ ತೆಗೆದಿದ್ದೀನಿ ಏನೂ ಆಗಲ್ಲ ಅಂತಾರೆ ಆ ಡಾಕ್ಟ್ರು. ಮತ್ತೆ ಆಪರೇಶನ್ ಬೇಕಾ?
ತುಮಕೂರು ಜಿಲ್ಲೆಯ ಓದುಗ

ಉತ್ತರ: ಬಹುತೇಕ ಬೇಕಾಗುತ್ತೆ, ಸ್ವಾಮಿ. ನಿಮ್ಮಂಥ ಪತ್ರ ಈ ತಿಂಗಳು ನಾಲ್ಕು ಬಂದಿವೆ, ಓದಿದಾಗೆಲ್ಲ ಹೊಟ್ಟೇಲಿ ಸಂಕಟ ಆಗುತ್ತೆ.

ಕೊಬ್ಬಿನ ಗಡ್ಡೆಯನ್ನ ಬಟಾಣಿ ಸಿಪ್ಪೆಯಿಂದ ಕಾಳು ಬಿಡಿಸ್ದಂಗೆ ಬಿಡಿಸಿ ತೆಗೀಬಹುದು, ಅದಕ್ಕೆ ಅಷ್ಟು ಸಾಕು. ಸಾರ್ಕೋಮಾ ಹಾಗಲ್ಲ. ಅದರ ಸುತ್ತ ಇರೋ ಪೊರೆ ನೋಡೋಕೆ ಗಟ್ಟಿ ಸಿಪ್ಪೆ ಥರ ಇರುತ್ತೆ, ಆದ್ರೆ ಆ ಪೊರೆಯೊಳಗೂ ಅದರಾಚೆಗೂ ಕಣ್ಣಿಗೆ ಕಾಣದ ಕ್ಯಾನ್ಸರ್ ಕಣಗಳಿರ್ತವೆ. ಅದಕ್ಕೇ ಗಡ್ಡೆಯನ್ನ ಕಣ್ಣಿಗೂ ಕಾಣಿಸ್ದಂಗೆ, ಸುತ್ತ ಒಳ್ಳೇ ಮಾಂಸದ ಪದರ ಸಮೇತ ಇಡಿಯಾಗಿ ತೆಗೀಬೇಕು. ಬಿಡಿಸಿ ತೆಗೆದ್ರೆ ಬುಡ ಉಳಿಯುತ್ತೆ. ಪೂರ್ತಿ ತೆಗೆದಿದ್ದೀನಿ ಅಂತ ಡಾಕ್ಟ್ರು ಹೇಳ್ತಿರೋದು ಸುಳ್ಳಲ್ಲ, ಅವರ ಕಣ್ಣಿಗೆ ಕಂಡಿದ್ದು ಪೂರ್ತಿ ಬಂದಿದೆ. ಹೀಗೆ ಗೊತ್ತಿಲ್ಲದೆ ತೆಗೆದವರಿಗೆ ಮತ್ತೆ ಆಪರೇಶನ್ ಮಾಡಿದಾಗ ಬಹಳ ಜನರಲ್ಲಿ ಒಳಗೆ ಗಡ್ಡೆ ಉಳಿದಿರೋದು ಸಿಗುತ್ತೆ.

ಈಗ ಮಾಡ್ಬೇಕಾದ್ದು: ಆ ನರ್ಸಿಂಗ್ ಹೋಮಿಗೆ ಹೋಗಿ, ಜಗಳ ಬೇಡ, ಪ್ಯಾರಾಫಿನ್ ಬ್ಲಾಕ್ ಮತ್ತೆ ಸ್ಲೈಡು ಕೇಳಿ ಈಸ್ಕೊಳ್ಳಿ. ತೆಗೆದ ಗಡ್ಡೆಯ ತುಂಡುಗಳನ್ನ ಮೇಣದಲ್ಲಿ ಕೂರಿಸಿ ಇಟ್ಟಿರ್ತಾರೆ, ಅದೇ ಬ್ಲಾಕ್, ಅದನ್ನ ನೀವು ಕೇಳಿ ಪಡೀಬಹುದು. ಸ್ಪಿಂಡಲ್ ಸೆಲ್ ಅನ್ನೋದು ಕಣದ ಆಕಾರ ಅಷ್ಟೆ, ಯಾವ ಬಗೆ ಅಂತ ಅದರಿಂದ ಗೊತ್ತಾಗಲ್ಲ, ದೊಡ್ಡ ಕಡೆಯ ಪೆಥಾಲಜಿಸ್ಟ್ ಮತ್ತೆ ನೋಡ್ಬೇಕು. ಡಿಸ್ಚಾರ್ಜ್ ಸಮ್ಮರಿ ತಗೊಳ್ಳಿ, ಗಡ್ಡೆ ಎಷ್ಟು ದೊಡ್ಡದಿತ್ತು, ಸ್ನಾಯುವಿನ ಮೇಲಿತ್ತಾ ಒಳಗಿತ್ತಾ ಅಂತ ಅದರಲ್ಲಿ ಬರೆಸ್ಕೊಳ್ಳಿ. ಎಂಆರ್‌ಐ ಆಗುತ್ತೆ, ಆಮೇಲೆ ಹಳೇ ಗಾಯದ ಜಾಗವನ್ನೇ ಅಗಲವಾಗಿ ತೆಗೆದು, ಬೇಕಿದ್ರೆ ಐದಾರು ವಾರ ರೇಡಿಯೇಶನ್, ನಮ್ಮ ಜನ ಕರೆಂಟ್ ಕೊಡೋದು ಅಂತಾರಲ್ಲ ಅದು. ಕಾಲು ಹೋಗುತ್ತೆ ಅಂತ ಹೆದರ್ಬೇಡಿ. 1982ರಲ್ಲೇ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೇಲಿ 43 ರೋಗಿಗಳ ಮೇಲೆ ಮಾಡಿದ ಅಧ್ಯಯನ ಬಂತು, ಕೈಕಾಲು ಕತ್ತರಿಸಿದವರೂ ಕೈಕಾಲು ಉಳಿಸಿ ರೇಡಿಯೇಶನ್ ಕೊಟ್ಟವರೂ ಬದುಕೋದ್ರಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಣ್ಣ ಅಧ್ಯಯನ, ಆದ್ರೆ ಅಲ್ಲಿಂದೀಚೆ ಪದ್ಧತಿನೇ ಬದಲಾಯ್ತು. ನಿಮಗೆ ತಡ ಆಗಿಲ್ಲ, ತಡ ಮಾಡ್ಬೇಡಿ.

ಪ್ರಶ್ನೆ: ನನ್ನ ಬೆನ್ನಲ್ಲಿ ಹತ್ತು ವರ್ಷದಿಂದ ಮೆತ್ತಗಿನ ಗಂಟು ಇದೆ, ಬೆಳೆದಿಲ್ಲ. ಹೋದ ಸಂಚಿಕೆ ಓದಿ ನಿದ್ದೆ ಬರ್ತಿಲ್ಲ.
ಗೃಹಿಣಿ, ಮೈಸೂರು

ಉತ್ತರ: ನಿದ್ದೆ ಮಾಡಿ. ಮೆತ್ತಗಿರೋ, ಚರ್ಮದ ಕೆಳಗೇ ಜಾರಾಡೋ, ವರ್ಷಗಟ್ಟಲೆ ಅಷ್ಟೇ ಇರೋ ಗಂಟು ಬಹುಪಾಲು ಕೊಬ್ಬಿನದೇ. ಅಂಥ ಗಂಟುಗಳು ನೂರಿದ್ರೆ ಸಾರ್ಕೋಮಾ ಒಂದೂ ಇರಲ್ಲ. ಒಂದ್ಸಲ ಡಾಕ್ಟ್ರ ಹತ್ರ ಮುಟ್ಟಿಸಿ ತೋರ್ಸಿ, ಅಲ್ಟ್ರಾಸೌಂಡ್ ಮಾಡ್ಸಿದ್ರೆ ಮನಸ್ಸಿಗೂ ಸಮಾಧಾನ. ಅನುಮಾನ ಪಡ್ಬೇಕಾದ್ದು ದೊಡ್ಡ ನಿಂಬೆಹಣ್ಣಿಗಿಂತ ದೊಡ್ಡದಾದ್ರೆ, ಅಂದ್ರೆ ಸುಮಾರು 5 ಸೆಂಟಿಮೀಟರ್ ದಾಟಿದ್ರೆ, ವಾರ ತಿಂಗಳಲ್ಲಿ ಬೆಳೀತಾ ಇದ್ರೆ, ಸ್ನಾಯುವಿಗೆ ಅಂಟ್ಕೊಂಡು ಆಳದಲ್ಲಿದ್ರೆ, ಒಮ್ಮೆ ತೆಗೆದದ್ದು ಅದೇ ಜಾಗದಲ್ಲಿ ಮತ್ತೆ ಬಂದ್ರೆ. ನೋವಿಲ್ಲ ಅಂತ ಸುಮ್ನಾಗ್ಬೇಡಿ, ಸ್ನಾಯುವಿನ ಸಾರ್ಕೋಮಾ ಶುರೂಲಿ ನೋಯೋದು ಕಡಿಮೆ.

ಪ್ರಶ್ನೆ: ನಮ್ಮಮ್ಮನಿಗೆ ತೋಳಲ್ಲಿ ಗಡ್ಡೆ. ಡಾಕ್ಟ್ರು ಬಯಾಪ್ಸಿ ಅಂದ್ರು. ಸೂಜಿ ಚುಚ್ಚಿದ್ರೆ, ಗಾಳಿ ತಾಗಿದ್ರೆ ಕ್ಯಾನ್ಸರ್ ಹರಡುತ್ತೆ ಅಂತ ಅಮ್ಮ ಒಪ್ತಾನೇ ಇಲ್ಲ. ಏನಂತ ಹೇಳ್ಲಿ?
ಮಗಳು, ಶಿವಮೊಗ್ಗ

ಉತ್ತರ: ಗಾಳಿ ತಾಗಿ ಕ್ಯಾನ್ಸರ್ ಹರಡಲ್ಲ ಅಂತ ಅಮ್ಮನಿಗೆ ಧೈರ್ಯವಾಗಿ ಹೇಳಿ. ಆದ್ರೆ ಅಮ್ಮನ ಭಯ ಪೂರ್ತಿ ತಳ್ಳಿಹಾಕೋದೂ ಬೇಡ, ಯಾಕಂದ್ರೆ ಸಾರ್ಕೋಮಾದಲ್ಲಿ ಸೂಜಿ ಹೋದ ದಾರಿ ಮುಖ್ಯ. ಆ ದಾರೀಲಿ ಒಂದೆರಡು ಕಣ ಉಳ್ಕೊಂಡಿರಬಹುದು ಅನ್ನೋದಕ್ಕೇ ಆಮೇಲೆ ದೊಡ್ಡ ಆಪರೇಶನ್ ಮಾಡುವಾಗ ಸೂಜಿ ದಾರಿಯನ್ನೂ ಗಡ್ಡೆ ಜೊತೆಗೇ ತೆಗೀತಾರೆ. ಹಾಗಾಗಿ ಸೂಜಿ ಎಲ್ಲಿಂದ ಹೋಗ್ಬೇಕು ಅನ್ನೋದನ್ನ ಆಪರೇಶನ್ ಮಾಡೋ ಸರ್ಜನ್ನೇ ನಿರ್ಧರಿಸ್ಬೇಕು. ಗಾಯ ಹಾಕೋದಾದ್ರೂ ಕೈಕಾಲಲ್ಲಿ ಉದ್ದುದ್ದ ಹಾಕ್ಬೇಕು, ಅಡ್ಡ ಹಾಕಿದ್ರೆ ಆಮೇಲೆ ತೆಗೀಬೇಕಾದ ಮಾಂಸದ ಅಗಲ ಬಹಳ ಜಾಸ್ತಿ ಆಗಿಬಿಡುತ್ತೆ.

ಇದು ನನ್ನೊಬ್ಬನ ಹಠ ಅಲ್ಲ. ಅಮೆರಿಕದ ಮೂಳೆ ಸರ್ಜನ್ ಹೆನ್ರಿ ಮ್ಯಾಂಕಿನ್ ಮತ್ತು ಸಂಗಡಿಗರು 1982ರಲ್ಲಿ 329 ರೋಗಿಗಳ ಬಯಾಪ್ಸಿ ಲೆಕ್ಕ ತೆಗೆದಾಗ 100ಕ್ಕೆ ನಾಲ್ಕೈದು ಜನರಿಗೆ ಬರೀ ಬಯಾಪ್ಸಿ ತಪ್ಪಾಗಿದ್ದಕ್ಕೇ ಕೈಯೋ ಕಾಲೋ ತೆಗೀಬೇಕಾಗಿ ಬಂದಿತ್ತು, ತೊಂದರೆ ಹೆಚ್ಚಾಗಿದ್ದು ಮುಂದಿನ ಚಿಕಿತ್ಸೆ ಕೊಡದ ಆಸ್ಪತ್ರೇಲಿ ಬಯಾಪ್ಸಿ ಮಾಡಿಸಿದವರಲ್ಲಿ. 1996ರಲ್ಲಿ ಮತ್ತೆ ಲೆಕ್ಕ ಹಾಕಿದಾಗ್ಲೂ ಹೆಚ್ಚು ಬದಲಾಗಿರಲಿಲ್ಲ. ಅಂದ್ರೆ ಬಯಾಪ್ಸಿ ಬೇಡ ಅಂತಲ್ಲ, ಸರಿಯಾದ ಕೈಲಿ ಆಗ್ಲಿ ಅಂತ. ಸಣ್ಣ ಸೂಜೀಲಿ ಬರೀ ಕಣ ಎಳೆಯೋ ಎಫ್‌ಎನ್‌ಎಸಿ ಸಾಮಾನ್ಯವಾಗಿ ಸಾಕಾಗಲ್ಲ, ದಪ್ಪ ಸೂಜೀಲಿ ಮಾಂಸದ ಎಳೆ ತೆಗೆಯೋ ಕೋರ್ ಬಯಾಪ್ಸಿ ಬೇಕು. ಅರ್ಧ ಗಂಟೆ ಕೆಲಸ, ಅವತ್ತೇ ಮನೆಗೆ. ಅಮ್ಮನ್ನ ಕೂರಿಸ್ಕೊಂಡು ಹೀಗೆ ಹೇಳಿ, ಬೇಡ ಅನ್ನೋದು ಬಿಟ್ಟು ಯಾರು ಚುಚ್ತಾರೆ ಅಂತ ಕೇಳೋಣ ಅಂತ.

ಪ್ರಶ್ನೆ: ತಂದೆಗೆ 63. ಜಠರದ ಗಡ್ಡೆ ಆಪರೇಶನ್ ಆಯ್ತು, ಜಿಸ್ಟ್ ಅಂದ್ರು. ಕೀಮೋ ಇಲ್ಲ, ದಿನಾ ಒಂದು ಇಮಾಟಿನಿಬ್ ಮಾತ್ರೆ ಮೂರು ವರ್ಷ ಅಂದಿದ್ದಾರೆ. ಎಂಟು ತಿಂಗಳಾಯ್ತು, ಆರಾಮಾಗಿದ್ದಾರೆ, ಮಾತ್ರೆ ಸಾಕು ಅಂತಿದ್ದಾರೆ.
ಮಂಗಳೂರು

ಉತ್ತರ: ಬಿಡ್ಬಾರದು. ಜಿಸ್ಟ್ ಅನ್ನೋದು ಜಠರ ಕರುಳಿನ ಗೋಡೇಲಿ ಹುಟ್ಟೋ ಸಾರ್ಕೋಮಾ. ಹೆಚ್ಚಿನವರಲ್ಲಿ ಕಿಟ್ ಅನ್ನೋ ಒಂದು ಜೀನ್ ಕೆಟ್ಟು, ಬೆಳಿ ಬೆಳಿ ಅನ್ನೋ ಸ್ವಿಚ್ಚು ಆನ್ ಆಗೇ ಉಳಿದಿರುತ್ತೆ, ಆ ಸ್ವಿಚ್ಚನ್ನ ಒತ್ತಿ ಹಿಡಿಯೋದೇ ಈ ಮಾತ್ರೆ. ಮೊದಲೆಲ್ಲಾ ಈ ಕಾಯಿಲೆ ಯಾವ ಕೀಮೋಗೂ ಬಗ್ತಿರಲಿಲ್ಲ. 2000ದಲ್ಲಿ ಫಿನ್ಲೆಂಡಿನಲ್ಲಿ ಒಬ್ಬ ಮಹಿಳೆಗೆ ಮೊದಲ ಸಲ ಇದನ್ನ ಕೊಟ್ಟು ಗಡ್ಡೆಗಳು ಕುಗ್ಗಿದ್ದು ನೋಡಿ ಎರಡೇ ವರ್ಷದಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ತು. ಮತ್ತೆ ಬರೋ ಅಪಾಯ ಜಾಸ್ತಿ ಇರೋರಲ್ಲಿ ಒಂದು ವರ್ಷ ತಗೊಂಡವರಿಗಿಂತ ಮೂರು ವರ್ಷ ತಗೊಂಡವರು ಹೆಚ್ಚು ಕಾಲ ಬದುಕಿದ್ದು ಅಧ್ಯಯನದಲ್ಲಿ ಗೊತ್ತಾಗಿದೆ, ಅದಕ್ಕೇ ಆ ಮೂರು ವರ್ಷ. ಕಣ್ಣ ಸುತ್ತ ಊತ, ವಾಕರಿಕೆ, ಮೀನಖಂಡ ಹಿಡ್ಕೊಳ್ಳೋದು ಇದ್ರೆ ಹೇಳಿ, ಅದಕ್ಕೆಲ್ಲಾ ದಾರಿ ಇದೆ. ಊಟದ ಜೊತೆ ದೊಡ್ಡ ಲೋಟ ನೀರಲ್ಲಿ ನುಂಗ್ಲಿ.

ತಂದೆಗೆ ಇನ್ನೊಂದು ಮಾತೂ ಹೇಳಿ. ಇದೇ ಔಷಧಿಯ ಗ್ಲಿವೆಕ್ ಬ್ರ್ಯಾಂಡ್ ತಿಂಗಳಿಗೆ ಲಕ್ಷ ರೂಪಾಯಿ ದಾಟ್ತಿತ್ತು. ನೊವಾರ್ಟಿಸ್ ಕಂಪನಿ ಕೇಳಿದ ಪೇಟೆಂಟನ್ನ 2013ರ ಏಪ್ರಿಲ್ 1ರಂದು ನಮ್ಮ ಸುಪ್ರೀಂ ಕೋರ್ಟ್ ತಳ್ಳಿಹಾಕಿತು, ಹಾಗಾಗಿ ಇಂಡಿಯಾದ ಕಂಪನಿಗಳು ಕೆಲವೇ ಸಾವಿರಕ್ಕೆ ಮಾಡಿ ಮಾರೋದು ಮುಂದುವರೀತು. ಕ್ಯಾನ್ಸರ್ ರೋಗಿಗಳ ಸಂಘದವರು ವರ್ಷಗಟ್ಟಲೆ ಕೋರ್ಟು ಅಲೆದಿದ್ದಕ್ಕೆ ಇದು ಸಾಧ್ಯ ಆಯ್ತು. ಅಷ್ಟು ಕಷ್ಟದಿಂದ ಕೈಗೆ ಬಂದ ಮಾತ್ರೆ ಅದು.

ಪ್ರಶ್ನೆ: ಡಾಕ್ಟ್ರೇ, ನಂಗೆ 17, ಸೆಕೆಂಡ್ ಪಿಯು. ಸೊಂಟದ ಮೂಳೇಲಿ ಯೂಯಿಂಗ್ ಸಾರ್ಕೋಮಾ ಅಂತ ಆಗಿದೆ. ಜ್ವರ ಬರ್ತಿತ್ತು ಅಂತ ಮೊದಲು ಎರಡು ತಿಂಗಳು ಇನ್ಫೆಕ್ಷನ್ ಅಂತ ಆಂಟಿಬಯೋಟಿಕ್ ಕೊಟ್ರು. ಮುಂದಿನ ಸೋಮವಾರ ಕೀಮೋ ಶುರು. ಒಬ್ರು ಸಿಸ್ಟರ್ ಸ್ಪರ್ಮ್ ಬ್ಯಾಂಕ್ ಬಗ್ಗೆ ಕೇಳಿದ್ರು, ಅಪ್ಪ ಇದೆಲ್ಲಾ ಈಗ್ಯಾಕೆ ಅಂತ ಸುಮ್ನಾಗಿಬಿಟ್ರು. ನಾನೂ ನಾಚ್ಕೊಂಡು ಸುಮ್ನಿದ್ದೆ. ಇದು ಮುಖ್ಯಾನಾ?
ಹೆಸರು ಬೇಡ

ಉತ್ತರ: ತುಂಬಾ ಮುಖ್ಯ ಕಣಪ್ಪ. ಈ ಪುಟ ಅಚ್ಚಾಗೋ ಹೊತ್ತಿಗೆ ತಡ ಆಗಿರುತ್ತೆ ಅಂತ ನಿನಗೆ ಅವತ್ತೇ ಮೇಲ್ ಮಾಡಿದ್ದೆ, ಇಲ್ಲಿ ಹಾಕ್ತಿರೋದು ನಿನ್ನಂಥ ಬೇರೆ ಹುಡುಗರಿಗೆ, ಅವರ ಅಪ್ಪಂದಿರಿಗೆ.

ನಿನ್ನ ಕಾಯಿಲೆಗೆ ಹೆಸರು ಬಂದಿದ್ದು 1921ರಲ್ಲಿ ಇದನ್ನ ಬೇರೆಯಾಗಿ ಗುರುತಿಸಿದ ಜೇಮ್ಸ್ ಯೂಯಿಂಗ್ ಅನ್ನೋ ಡಾಕ್ಟ್ರಿಂದ. ಜ್ವರ, ಬಾವು, ರಕ್ತ ಪರೀಕ್ಷೇಲಿ ಏರುಪೇರು ಎಲ್ಲಾ ಸೋಂಕಿನ ಥರಾನೇ ಇರೋದ್ರಿಂದ ಇದು ಮೋಸ ಮಾಡೋದು ಜಾಸ್ತಿ. ಇದು ಅಪ್ಪ ಅಮ್ಮನಿಂದ ಬಂದಿದ್ದಲ್ಲ, ನೀನು ತಿಂದಿದ್ದಕ್ಕೆ ಆಡಿದ್ದಕ್ಕೆ ಬಂದಿದ್ದಲ್ಲ. ಗಡ್ಡೆಯ ಕಣದೊಳಗೆ ಸಾಮಾನ್ಯವಾಗಿ 11 ಮತ್ತು 22ನೇ ಕ್ರೋಮೋಸೋಮ್‌ಗಳ ಚೂರು ಅದಲು ಬದಲಾಗಿರುತ್ತೆ, ಅದು ಆ ಕಣಗಳಲ್ಲಿ ಮಾತ್ರ. ಯೂಯಿಂಗ್ ಕೀಮೋಗೆ ಚೆನ್ನಾಗಿ ಬಗ್ಗುತ್ತೆ, ರೇಡಿಯೇಶನ್ನಿಗೂ ಬಗ್ಗುತ್ತೆ. ಚಿಕಿತ್ಸೆ ಉದ್ದ, ಎಂಟರಿಂದ ಹನ್ನೆರಡು ತಿಂಗಳು ಹಿಡಿಯಬಹುದು. ಕೂದಲು ಹೋಗುತ್ತೆ, ವಾಪಸ್ ಬರುತ್ತೆ. ಪರೀಕ್ಷೆ ಒಂದು ವರ್ಷ ಮುಂದಕ್ಕೆ ಹೋದ್ರೆ ಹೋಗ್ಲಿ.

ಆದ್ರೆ ಈ ಔಷಧಿಗಳಲ್ಲಿ ಕೆಲವು, ಜೊತೆಗೆ ಸೊಂಟದ ಭಾಗಕ್ಕೆ ಕೊಡೋ ರೇಡಿಯೇಶನ್, ಮುಂದೆ ಮಕ್ಕಳಾಗೋ ಶಕ್ತಿಯನ್ನ ಕಡಿಮೆ ಮಾಡಬಹುದು ಇಲ್ಲಾ ಪೂರ್ತಿ ನಿಲ್ಲಿಸಬಹುದು. ಮೊದಲ ಕೀಮೋಗೆ ಮುಂಚೆ ವೀರ್ಯ ತೆಗೆದು ಶೀತದಲ್ಲಿಟ್ರೆ ಹತ್ತು ಹದಿನೈದು ವರ್ಷ ಆದ್ಮೇಲೂ ಬಳಸಬಹುದು. ಒಂದೆರಡು ದಿನದ ಕೆಲಸ, ಕೀಮೋ ತಡ ಆಗಲ್ಲ, ಸೂಜಿ ಚುಚ್ಚೋದಿಲ್ಲ. ಹುಡುಗಿಯರಿಗೂ ದಾರಿಗಳಿವೆ, ಅದಕ್ಕೆ ಸ್ವಲ್ಪ ಹೆಚ್ಚು ದಿನ ಬೇಕು, ಅದಕ್ಕೇ ರಿಪೋರ್ಟ್ ಬಂದ ದಿನವೇ ಕೇಳ್ಬೇಕು. ಕೀಮೋ ಶುರುವಾದ್ಮೇಲೆ ನೆನಪಾದ್ರೆ ಪ್ರಯೋಜನ ಕಡಿಮೆ.

ಅಪ್ಪ ಸುಮ್ನಾಗಿದ್ದು ನಿನ್ನ ಮೇಲೆ ಪ್ರೀತಿ ಇಲ್ಲದೆ ಅಲ್ಲ, ಅವರಿಗೆ ಈಗ ಕಾಣ್ತಿರೋದು ನೀನು ಬದುಕ್ಬೇಕು ಅನ್ನೋದೊಂದೇ. ನೀನು ಬದುಕ್ತೀಯ ಅಂತ ನಂಬಿರೋದ್ರಿಂದಲೇ ಆ ಸಿಸ್ಟರ್ ಅದನ್ನ ಕೇಳಿದ್ದು ಅಂತ ಅವರಿಗೆ ಹೇಳು. ಬಾಯಿ ಬಿಟ್ಟು ಹೇಳೋಕೆ ಸಂಕೋಚ ಆದ್ರೆ ಚೀಟೀಲಿ ಬರ್ದು ಕೊಡು. ಅದೂ ಆಗದಿದ್ರೆ ಬೆಳಿಗ್ಗೆ ಡ್ಯೂಟಿಗೆ ಬರೋ ಅದೇ ಸಿಸ್ಟರ್ ಹತ್ರ ಹೋಗಿ, ಆವತ್ತು ಕೇಳಿದ್ರಲ್ಲ, ನಂಗೆ ಬೇಕು ಅನ್ನು. ಮುಂದಿನದನ್ನ ಅವರೇ ನೋಡ್ಕೋತಾರೆ.